ಕರಾವಳಿಯ ಅಂತರ್ಜಲಕ್ಕೆ ಸಮುದ್ರದ ಉಪ್ಪು ನುಗ್ಗುವ ಅಪಾಯ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದ ನೀರು ಬಾವಿಗೆ ಬರುವುದು ಹೇಗೆ? ದಡ ದಾಟಿ ಬರುತ್ತದೆಯೇ?

ಚಂಡಮಾರುತ, ಸುನಾಮಿ ಬಂದಾಗ ಹಾಗೂ ಆಗುತ್ತದೆ. ಆದರೆ ಇಲ್ಲಿ ನಾವು ಮಾತಾಡುತ್ತಿರುವುದು ನೆಲದಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ನಡೆಯುವ ಕೆಲಸದ ಬಗ್ಗೆ. ಸಮುದ್ರದ ಪಕ್ಕದ ಮರಳಿನಲ್ಲಿ, ಬಂಡೆಯ ಸಂದುಗಳಲ್ಲಿ ಮಳೆಯಿಂದ ಇಂಗಿದ ಸಿಹಿನೀರೂ ಇರುತ್ತದೆ, ಉಪ್ಪುನೀರೂ ಇರುತ್ತದೆ. ನಡುವೆ ಗೋಡೆಯೇನೂ ಇಲ್ಲ. ಉಪ್ಪುನೀರು ಭಾರ, ಹಾಗಾಗಿ ಅದು ತಳದಲ್ಲಿ ಬೆಣೆಯ ಹಾಗೆ ಒಳನಾಡಿನ ಕಡೆ ಚಾಚಿಕೊಂಡಿರುತ್ತದೆ. ಸಿಹಿನೀರು ಅದರ ಮೇಲೆ ಕೂತು ನಿಧಾನವಾಗಿ ಸಮುದ್ರಕ್ಕೆ ಹರಿದು ಹೋಗುತ್ತಿರುತ್ತದೆ. ಈ ಹರಿವು ಜೋರಾಗಿದ್ದಷ್ಟು ಕಾಲ ಬೆಣೆ ಇದ್ದಲ್ಲೇ ಇರುತ್ತದೆ. ಪಂಪ್ ಹಾಕಿ ಸಿಹಿನೀರನ್ನು ಎಳೆದಷ್ಟೂ ಹರಿವು ಕಡಿಮೆಯಾಗುತ್ತದೆ, ಬೆಣೆ ಒಳಗೆ ಸರಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಬಾವಿಯ ಕೆಳಗೇ ಉಪ್ಪುನೀರಿದ್ದು, ಮೇಲೆ ದೊಡ್ಡ ಪಂಪ್ ಓಡಿಸಿದರೆ ಉಪ್ಪುನೀರು ನೇರವಾಗಿ ಮೇಲಕ್ಕೆ ಗೋಪುರದ ಆಕಾರದಲ್ಲಿ ಏಳುತ್ತದೆ. ಇದಕ್ಕೆ ವರ್ಷಗಟ್ಟಲೆ ಬೇಕಾಗಿಲ್ಲ.

ಬಾವಿಯ ನೀರು 1 ಮೀಟರ್ ಇಳಿದರೆ ಉಪ್ಪು 40 ಮೀಟರ್ ಏರುತ್ತದೆ ಅನ್ನುತ್ತಾರೆ. ನಿಜವೇ?

ಲೆಕ್ಕ ನಿಜ, ಆದರೆ ಅದು ನೀರು ಕದಲದೆ ನಿಂತಿದೆ ಅಂದುಕೊಂಡು ಮಾಡಿದ ಲೆಕ್ಕ. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ ನೀರಿನದು ಸುಮಾರು 1.025. ವ್ಯತ್ಯಾಸ 0.025. ಒಂದನ್ನು ಅದರಿಂದ ಭಾಗಿಸಿದರೆ 40. ಅಂದರೆ ಅಂತರ್ಜಲದ ಮಟ್ಟ ಸಮುದ್ರಕ್ಕಿಂತ 1 ಮೀಟರ್ ಮೇಲಿದ್ದರೆ ಸಿಹಿನೀರು ಸಮುದ್ರಮಟ್ಟದಿಂದ ಸುಮಾರು 40 ಮೀಟರ್ ಕೆಳಗಿನವರೆಗೆ ಸಿಗಬೇಕು. ಇದನ್ನು 19ನೇ ಶತಮಾನದ ಕೊನೆಗೆ ನೆದರ್ಲೆಂಡ್ಸ್‌ನ ಬಾಡನ್ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡರು. ಇಬ್ಬರ ಹೆಸರೂ ಸೇರಿ ಗೈಬೆನ್-ಹರ್ಜ್‌ಬರ್ಗ್ ಸಂಬಂಧ ಆಯಿತು.

ನಿಜವಾದ ನೆಲದಲ್ಲಿ ನೀರು ಹರಿಯುತ್ತಿರುತ್ತದೆ, ಸಿಹಿ-ಉಪ್ಪಿನ ನಡುವೆ ಗೆರೆ ಇರುವುದಿಲ್ಲ, ಅಗಲವಾದ ಬೆರಕೆ ಪಟ್ಟಿ ಇರುತ್ತದೆ. ಇವತ್ತು ಮಟ್ಟ ಇಳಿದರೆ ನಾಳೆಯೇ ಉಪ್ಪು ಏರುವುದೂ ಇಲ್ಲ. ಈ ಲೆಕ್ಕವನ್ನು ಎಚ್ಚರಿಕೆಯಾಗಿ ನೋಡಿ, ಭವಿಷ್ಯವಾಣಿಯಾಗಿ ಅಲ್ಲ. ಒಂದು ಮಾತು ಮಾತ್ರ ನೆನಪಿಡಿ: ಈ ವಿಷಯದಲ್ಲಿ ಅರ್ಧ ಮೀಟರ್ ಅನ್ನುವುದು ತುಂಬಾ ದೊಡ್ಡ ಸಂಖ್ಯೆ. ಮುಂದೆ ಅದೇ ಮಾತಿಗೆ ಬರುತ್ತೇನೆ.

ಎಷ್ಟು ಸಮುದ್ರದ ನೀರು ಬೆರೆತರೆ ಬಾವಿ ಹಾಳು?

ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ನೂರರಲ್ಲಿ ಒಂದು ಪಾಲು ಬೆರೆತರೆ 190 ಸೇರಿತು, ಎರಡು ಪಾಲು ಬೆರೆತರೆ 380. ಲೀಟರಿಗೆ 250 ಮಿಲಿಗ್ರಾಂ ದಾಟಿದರೆ ನಾಲಿಗೆಗೆ ಉಪ್ಪು ಗೊತ್ತಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾವಿಯಲ್ಲಿ ಮೊದಲೇ ಸ್ವಲ್ಪ ಕ್ಲೋರೈಡ್ ಇದ್ದೇ ಇರುತ್ತದಲ್ಲ, ಹಾಗಾಗಿ ಎರಡು ಪಾಲು ಸಾಕು ಆ ನೀರನ್ನು ಬಾಯಿಗೆ ಇಡದ ಹಾಗೆ ಮಾಡಲು.

‘ದುರ್ಬಲತೆ’ ಅಳೆಯುವುದು ಅಂದರೆ ಉಪ್ಪು ಅಳೆಯುವುದೇ?

ಅಲ್ಲ. ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಬಾವಿಯಲ್ಲಿ ಇವತ್ತು ಉಪ್ಪಿದೆಯೇ ಅನ್ನುವುದು ಒಂದು ಪ್ರಶ್ನೆ, ನೀರು ಪರೀಕ್ಷೆ ಮಾಡಿಸಿದರೆ ಉತ್ತರ ಸಿಗುತ್ತದೆ. ಆ ಜಾಗದ ನೆಲ, ನೀರಿನ ಮಟ್ಟ, ಸಮುದ್ರದ ದೂರ ಇವನ್ನೆಲ್ಲ ನೋಡಿದರೆ ಉಪ್ಪು ಎಷ್ಟು ಸುಲಭವಾಗಿ ಒಳಗೆ ಬರಬಹುದು ಅನ್ನುವುದು ಬೇರೆಯೇ ಪ್ರಶ್ನೆ. ಇದು ದುರ್ಬಲತೆ. ಬಂದರೆ ಯಾರಿಗೆ ಎಷ್ಟು ನಷ್ಟ ಅನ್ನುವುದು ಮೂರನೆಯದು. ಜನವೇ ಇಲ್ಲದ ದಡದಲ್ಲಿ ದುರ್ಬಲತೆ ಜಾಸ್ತಿ ಇದ್ದೂ ನಷ್ಟ ಏನೂ ಇಲ್ಲದಿರಬಹುದು. ಇವತ್ತು ಸಿಹಿಯಾಗಿರುವ ಬಾವಿ ಅತಿ ದುರ್ಬಲ ಜಾಗದಲ್ಲೇ ಇರಬಹುದು. ಹುಡುಕಬೇಕಾದದ್ದು ಅಂಥ ಬಾವಿಗಳನ್ನೇ, ಅಲ್ವಾ? ಉಪ್ಪಾದ ಬಾವಿ ಯಾವುದು ಅಂತ ಊರಿನವರೆಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಗಾಲ್ಡಿಟ್ ಅಂದರೇನು?

ಈ ಕೆಲಸಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಂಕ ಕೊಡುವ ಪದ್ಧತಿಗಳಲ್ಲಿ ಒಂದು. ಗೋವಾ ವಿಶ್ವವಿದ್ಯಾಲಯದ ಎ. ಜಿ. ಚಾಚಡಿ ಮತ್ತು ಪೋರ್ಚುಗಲ್‌ನ ಲೋಬೊ ಫೆರೇರಾ 2001ರಲ್ಲಿ ಇದನ್ನು ಮುಂದಿಟ್ಟರು. ಆರು ವಿಷಯಗಳ ಇಂಗ್ಲಿಷ್ ಹೆಸರಿನ ಅಕ್ಷರ ಸೇರಿಸಿ ಹೆಸರು (GALDIT) ಮಾಡಿದ್ದಾರೆ. ಪ್ರತಿಯೊಂದಕ್ಕೂ 2.5, 5, 7.5, 10 ಇವುಗಳಲ್ಲಿ ಒಂದು ಅಂಕ, ಜೊತೆಗೆ ಒಂದು ತೂಕ:

- ಜಲಪದರದ (ನೆಲದಡಿಯಲ್ಲಿ ನೀರು ತುಂಬಿರುವ ಪದರದ) ಬಗೆ, ಅಂದರೆ ಮೇಲೆ ತೆರೆದದ್ದೋ, ಎರಡು ಜೇಡಿ ಪದರಗಳ ನಡುವೆ ಒತ್ತಡದಲ್ಲಿರುವುದೋ: ತೂಕ 1
- ನೀರು ಹರಿಯಗೊಡುವ ಗುಣ: ತೂಕ 3
- ಸಮುದ್ರಮಟ್ಟಕ್ಕಿಂತ ಅಂತರ್ಜಲ ಎಷ್ಟು ಮೇಲಿದೆ: ತೂಕ 4
- ದಡದಿಂದ ದೂರ: ತೂಕ 4
- ಈಗಾಗಲೇ ಉಪ್ಪು ಬಂದಿರುವ ಗುರುತು, ಅಂದರೆ ಬೈಕಾರ್ಬನೇಟ್‌ಗೆ ಹೋಲಿಸಿದರೆ ಕ್ಲೋರೈಡ್ ಎಷ್ಟು ಪಟ್ಟು: ತೂಕ 1
- ಜಲಪದರದ ದಪ್ಪ: ತೂಕ 2

ಅಂಕವನ್ನು ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕ 15ರಿಂದ ಭಾಗಿಸಬೇಕು. ಉತ್ತರ 2.5ರಿಂದ 10ರ ಒಳಗೆ ಬರುತ್ತದೆ. 7.5 ದಾಟಿದರೆ ದುರ್ಬಲತೆ ಹೆಚ್ಚು, 5ರಿಂದ 7.5 ಮಧ್ಯಮ, 5ಕ್ಕಿಂತ ಕಡಿಮೆ ಬಂದರೆ ಕಡಿಮೆ. ಇಷ್ಟೇ. ಕ್ಯಾಲ್ಕುಲೇಟರ್ ಸಾಕು.

ಒತ್ತಡದಲ್ಲಿರುವ ಜಲಪದರಕ್ಕೆ 10, ತೆರೆದದ್ದಕ್ಕೆ 7.5 ಯಾಕೆ ಅಂತ ಕೆಲವರು ಕೇಳುತ್ತಾರೆ. ಮೇಲೆ ಮುಚ್ಚಳ ಇದ್ದರೆ ರಕ್ಷಣೆ ಜಾಸ್ತಿ ಅಲ್ವಾ ಅಂತ. ಮೇಲಿನಿಂದ ಬರುವ ಕೊಳೆಗೆ ಹೌದು. ಇಲ್ಲಿ ಉಪ್ಪು ಪಕ್ಕದಿಂದ ಬರುತ್ತದೆ. ಒತ್ತಡದ ಪದರದಲ್ಲಿ ಪಂಪ್ ಹಾಕಿದರೆ ಒತ್ತಡ ಕುಸಿಯುವುದು ತುಂಬಾ ದೂರದವರೆಗೆ ಹರಡುತ್ತದೆ, ಸಮುದ್ರದ ಕಡೆಗೂ ಬೇಗ ತಲುಪುತ್ತದೆ.

ಒಂದು ಲೆಕ್ಕ ಮಾಡಿ ತೋರಿಸಬಹುದೇ?

ಸರಿ. ಎರಡು ಬಾವಿ ಊಹಿಸಿಕೊಳ್ಳಿ, ಎರಡೂ ಒಂದೇ ಮರಳಿನ ತೆರೆದ ಜಲಪದರದಲ್ಲಿವೆ. ದಪ್ಪ 14 ಮೀಟರ್, ನೀರು ಹರಿಯಗೊಡುವ ಗುಣ ದಿನಕ್ಕೆ 25 ಮೀಟರ್. ಹಾಗಾಗಿ ಈ ಮೂರರ ಮೊತ್ತ ಎರಡಕ್ಕೂ ಒಂದೇ: ಬಗೆಗೆ 7.5, ಹರಿಯುವ ಗುಣಕ್ಕೆ 7.5 × 3 = 22.5, ದಪ್ಪಕ್ಕೆ 10 × 2 = 20. ಒಟ್ಟು 50.

ಮೊದಲನೆಯ ಬಾವಿ ದಡದಿಂದ 420 ಮೀಟರ್ ದೂರ. 500 ಮೀಟರ್ ಒಳಗಿರುವುದರಿಂದ ಅಂಕ 10, ಅಂದರೆ 40. ನೀರಿನ ಮಟ್ಟ ಸಮುದ್ರಕ್ಕಿಂತ 0.8 ಮೀಟರ್ ಮೇಲೆ, 1 ಮೀಟರಿಗಿಂತ ಕಡಿಮೆ, ಮತ್ತೆ 40. ಕ್ಲೋರೈಡ್ ಅನುಪಾತ 1.2, ಅಂಕ 5. ಕೂಡಿಸಿದರೆ 135, 15ರಿಂದ ಭಾಗಿಸಿದರೆ 9. ದುರ್ಬಲತೆ ಹೆಚ್ಚು, ನಕ್ಷೆಯಲ್ಲಿ ಕೆಂಪು ಬಣ್ಣ.

ಎರಡನೆಯದು 1,400 ಮೀಟರ್ ಒಳಗೆ. ದೂರಕ್ಕೆ 2.5 × 4 = 10. ಮಟ್ಟ 1.7 ಮೀಟರ್, ಅಂಕ 5, ಅಂದರೆ 20. ಅನುಪಾತ 1ಕ್ಕಿಂತ ಕಡಿಮೆ, 2.5. ಒಟ್ಟು 82.5, ಸೂಚ್ಯಂಕ 5.5. ಮಧ್ಯಮ.

ಈಗ ನೋಡಿ. ಬೇಸಿಗೆಯಲ್ಲಿ ಎಲ್ಲರೂ ಪಂಪ್ ಓಡಿಸಿ ಎರಡನೆಯ ಬಾವಿಯ ಮಟ್ಟ 0.9 ಮೀಟರಿಗೆ ಇಳಿಯಿತು ಅನ್ನಿ. ಮಟ್ಟದ ಪಾಲು 40 ಆಗುತ್ತದೆ, ಸೂಚ್ಯಂಕ 6.83. ಇನ್ನೂ ಇಳಿದು ಸಮುದ್ರಮಟ್ಟಕ್ಕಿಂತ 3 ಮೀಟರ್ ಕೆಳಗೆ ಹೋಯಿತು ಅನ್ನಿ. ಸೂಚ್ಯಂಕ ಎಷ್ಟು? ಅದೇ 6.83. ಇನ್ನೂ ‘ಮಧ್ಯಮ’.

ಅಂದರೆ ಈ ಪದ್ಧತಿಯೇ ಸರಿ ಇಲ್ಲವೇ?

ಪದ್ಧತಿ ಸರಿಯಾಗಿಯೇ ಇದೆ, ಅದರಿಂದ ನಾವು ಕೇಳುವುದು ಜಾಸ್ತಿ. ಮಟ್ಟ 1 ಮೀಟರಿಗಿಂತ ಕೆಳಗೆ ಎಷ್ಟೇ ಇಳಿದರೂ ಅದಕ್ಕೆ ಒಂದೇ ಅಂಕ. ಆದರೆ ಸಮುದ್ರಕ್ಕಿಂತ 0.9 ಮೀಟರ್ ಮೇಲೆ ಇರುವುದಕ್ಕೂ 3 ಮೀಟರ್ ಕೆಳಗೆ ಇರುವುದಕ್ಕೂ ನೆಲದಲ್ಲಿ ಅಜಗಜಾಂತರ. ಮೊದಲನೆಯದರಲ್ಲಿ ನೀರು ಇನ್ನೂ ಸಮುದ್ರದ ಕಡೆ ಹರಿಯುತ್ತಿರಬಹುದು. ಎರಡನೆಯದರಲ್ಲಿ ಹರಿವು ತಿರುಗಿ ಸಮುದ್ರವೇ ಬಾವಿಯ ಕಡೆ ಹೊರಟಿದೆ.

ಹಾಗಾಗಿ ನನ್ನ ಸಲಹೆ ಇದು: ಸೂಚ್ಯಂಕದ ನಕ್ಷೆ ಮಾಡಿ, ಆದರೆ ಅದರ ಮೇಲೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ಬಾವಿಗಳನ್ನು ಬೇರೆ ಗುರುತಿನಲ್ಲಿ ಹಾಕಿ. ನಕ್ಷೆ ಹಸಿರಿರಲಿ, ಹಳದಿಯಿರಲಿ, ಆ ಬಾವಿಗಳನ್ನೇ ಮೊದಲು ಹೋಗಿ ನೋಡಿ. ಆರು ವಿಷಯಗಳಲ್ಲಿ ನಿಜವಾಗಿ ಬದಲಾಗುವುದು, ನಮ್ಮ ಕೈಯಲ್ಲಿರುವುದು ನೀರಿನ ಮಟ್ಟ ಒಂದೇ. ದೂರ, ದಪ್ಪ, ಮರಳಿನ ಗುಣ ಇವು ಇದ್ದ ಹಾಗೇ ಇರುತ್ತವೆ.

ತೂಕಗಳೂ ತಜ್ಞರ ಅಭಿಪ್ರಾಯದಿಂದ ಬಂದವು, ನೆಲ ಅಗೆದು ಸಿಕ್ಕಿದ್ದಲ್ಲ. ಬೇರೆ ಬೇರೆ ಕಡೆಯ ಅಧ್ಯಯನಗಳು ತೂಕವನ್ನೂ ವ್ಯಾಪ್ತಿಯನ್ನೂ ಬದಲಾಯಿಸಿಕೊಂಡಿವೆ. ಬದಲಾಯಿಸಿ, ತಪ್ಪಿಲ್ಲ. ಯಾಕೆ ಬದಲಾಯಿಸಿದಿರಿ ಅಂತ ಬರೆದಿಡಿ.

ನಾವು ದಡದಿಂದ 1 ಕಿಲೋಮೀಟರ್ ಆಚೆ ಇದ್ದೇವೆ. ಚಿಂತೆ ಇಲ್ಲ ತಾನೇ?

ಹಾಗೆ ಹೇಳಲಾಗುವುದಿಲ್ಲ. ಗಾಲ್ಡಿಟ್‌ನಲ್ಲಿ 1,000 ಮೀಟರ್ ಆಚೆಯದಕ್ಕೆಲ್ಲ ಕನಿಷ್ಠ ಅಂಕ. ಆದರೆ ಚೆನ್ನೈನ ಉತ್ತರಕ್ಕಿರುವ ಮಿಂಜೂರು ಭಾಗದಲ್ಲಿ ನಗರಕ್ಕೆಂದು, ಬೇಸಾಯಕ್ಕೆಂದು ವರ್ಷಗಟ್ಟಲೆ ನೀರೆತ್ತಿದ ಮೇಲೆ ಉಪ್ಪು ಹಲವು ಕಿಲೋಮೀಟರ್ ಒಳಗೆ ಬಂದದ್ದು ದಾಖಲಾಗಿದೆ. ಅಗಲವಾದ, ಚಪ್ಪಟೆಯಾದ ಮೆಕ್ಕಲು ಬಯಲಿನಲ್ಲಿ ಕಿಲೋಮೀಟರ್ ಅನ್ನುವುದು ಏನೂ ಅಲ್ಲ.

ಇನ್ನೂ ಒಂದು. ದೂರ ಅಳೆಯುವಾಗ ಜನ ನಕ್ಷೆಯಲ್ಲಿ ಕಡಲದಂಡೆಯಿಂದ ಗೆರೆ ಎಳೆಯುತ್ತಾರೆ. ಉಬ್ಬರ ಬಂದಾಗ ಉಪ್ಪುನೀರು ನದಿಯ ಬಾಯಿಂದ, ಹಿನ್ನೀರಿನಿಂದ, ಕಾಲುವೆಯಿಂದ ಎಷ್ಟೋ ಒಳಗೆ ಬರುತ್ತದೆ. ಬಾವಿಯ ಪಕ್ಕದಲ್ಲೇ ಅಂಥ ಹೊಳೆ ಇದ್ದರೆ ನಿಮ್ಮ ‘ಸಮುದ್ರ’ ಅದೇ. ದೂರವನ್ನು ಅಲ್ಲಿಂದ ಅಳೆಯಿರಿ.

ನೀರಿನ ಮಟ್ಟ ಅಳೆಯುವುದರಲ್ಲಿ ಏನಿದೆ? ಟೇಪ್ ಬಿಟ್ಟರೆ ಆಯಿತಲ್ಲ?

ಟೇಪ್ ಬಿಟ್ಟರೆ ಸಿಗುವುದು ಬಾವಿಯ ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಅನ್ನುವುದು. ನಮಗೆ ಬೇಕಾದದ್ದು ಸಮುದ್ರಮಟ್ಟಕ್ಕಿಂತ ನೀರು ಎಷ್ಟು ಮೇಲಿದೆ ಅನ್ನುವುದು. ನಡುವೆ ಕಟ್ಟೆಯ ಎತ್ತರ ಬೇಕು, ಎಲ್ಲ ಹಾಳಾಗುವುದು ಅಲ್ಲೇ. ಫೋನಿನ ಜಿಪಿಎಸ್ ಎತ್ತರದಲ್ಲಿ ಹಲವು ಮೀಟರ್ ತಪ್ಪಬಹುದು. ಉಪಗ್ರಹದಿಂದ ಮಾಡಿದ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲೂ ಮೀಟರ್‌ಗಟ್ಟಲೆ ತಪ್ಪು ಇರುತ್ತದೆ, ಮರ-ಕಟ್ಟಡ ಇದ್ದಲ್ಲಿ ಇನ್ನೂ ಜಾಸ್ತಿ. ಅಂಕ ಬದಲಾಗುವುದು ಅರ್ಧ ಅರ್ಧ ಮೀಟರಿಗೆ. ಮೂರು ಮೀಟರ್ ತಪ್ಪಿರುವ ಎತ್ತರ ಹಿಡಿದು ಅರ್ಧ ಮೀಟರಿನ ತೀರ್ಪು ಕೊಟ್ಟರೆ ಅದು ಸುಮ್ನೆ ಬಣ್ಣ ಹಚ್ಚಿದ ಹಾಗೆ. ಅಂಥ ನಕ್ಷೆಗಳಿಗೆ ಕೊರತೆ ಇಲ್ಲ.

ಸರಿಯಾದ ದಾರಿ: ಹತ್ತಿರದ ಸರ್ವೆ ಬೆಂಚ್‌ಮಾರ್ಕಿನಿಂದ (ಎತ್ತರ ಮೊದಲೇ ಗೊತ್ತಿರುವ ಗುರುತಿನಿಂದ) ಲೆವೆಲಿಂಗ್ ಮಾಡಿಸಿ, ಅಂದರೆ ಕಟ್ಟೆಯ ಎತ್ತರ ಅಳೆಸಿ, ಇಲ್ಲವೇ ಫೋನಿನದಕ್ಕಿಂತ ತುಂಬಾ ನಿಖರವಾದ ಡಿಫರೆನ್ಷಿಯಲ್ ಜಿಪಿಎಸ್ ತರಿಸಿ. ಕಟ್ಟೆಯ ಮೇಲೆ ಒಂದು ಜಾಗಕ್ಕೆ ಪೇಂಟ್ ಹಚ್ಚಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಿರಿ. ಕಟ್ಟೆ ಯಾವತ್ತೂ ಪೂರ್ತಿ ಮಟ್ಟವಾಗಿರುವುದಿಲ್ಲ.

ಆಮೇಲೆ ಪಂಪ್. ಪಂಪ್ ನಿಲ್ಲಿಸಿದ ಕೂಡಲೇ ಅಳೆದರೆ ಸಿಗುವುದು ಪಂಪಿನ ಮಟ್ಟ, ಜಲಪದರದ್ದಲ್ಲ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಅಳೆಯುವುದು ಒಳ್ಳೆಯದು, ಪಕ್ಕದವರ ಪಂಪ್ ಓಡುತ್ತಿತ್ತೇ ಅಂತ ಕೇಳಿ ಬರೆದುಕೊಳ್ಳಿ. ದಡಕ್ಕೆ ಹತ್ತಿರದ ಬಾವಿಯ ನೀರು ಉಬ್ಬರ-ಇಳಿತಕ್ಕೆ ತಾನೂ ಏರಿಳಿಯುತ್ತದೆ. ಅಲ್ಲಿ ಒಂದೇ ಅಳತೆಗೆ ಅರ್ಥ ಕಡಿಮೆ. ಗಂಟೆಗೊಮ್ಮೆಯಂತೆ ಸತತ 71 ಅಳತೆ ತೆಗೆದು ಉಬ್ಬರದ ಪ್ರಭಾವವನ್ನು ಸೋಸುವ ಪದ್ಧತಿ ಇದೆ, ಬಾವಿಯೊಳಗೆ ಲಾಗರ್ (ತಾನಾಗಿಯೇ ಅಳೆದು ದಾಖಲಿಸುವ ಉಪಕರಣ) ಬಿಟ್ಟರೆ ಮೂರು ದಿನದ ಕೆಲಸ.

ಕೊನೆಗೆ, ತುಂಬಾ ಜನ ಮರೆಯುವ ವಿಷಯ. ಕೊಳವೆಬಾವಿಯೊಳಗಿನ ನೀರೇ ಉಪ್ಪಾಗಿದ್ದರೆ ಅದರ ಕಂಬ ಭಾರ, ಹಾಗಾಗಿ ಮಟ್ಟ ಕೆಳಗೆ ನಿಲ್ಲುತ್ತದೆ. 20 ಮೀಟರ್ ಉದ್ದದ ಕಂಬ ಪೂರ್ತಿ ಸಮುದ್ರದ ನೀರಾಗಿದ್ದರೆ ಅದಕ್ಕೆ ಸಮನಾದ ಸಿಹಿನೀರಿನ ಮಟ್ಟ ಅರ್ಧ ಮೀಟರ್ ಮೇಲಿರುತ್ತದೆ. ಮತ್ತೆ ಅದೇ ಅರ್ಧ ಮೀಟರ್.

ಬಾವಿಯ ಮೇಲಿನ ನೀರಿನ ಸ್ಯಾಂಪಲ್ ಸಾಕೇ?

ಸಾಲದು. ಸಿಹಿನೀರು ಮೇಲೆ ನಿಂತಿರುತ್ತದೆ, ಬಕೆಟ್ಟಿಗೆ ಬರುವುದು ಅದೇ. ಉದ್ದ ಕೇಬಲ್ ಇರುವ ಇಸಿ ಮೀಟರ್ ಇಳಿಸಿ, ಪ್ರತಿ ಮೀಟರ್ ಆಳಕ್ಕೆ ಒಂದರಂತೆ ಓದಿಕೊಳ್ಳಿ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅದು ತೋರಿಸುತ್ತದೆ, ಉಪ್ಪು ಜಾಸ್ತಿಯಾದಷ್ಟೂ ಸಂಖ್ಯೆ ಜಾಸ್ತಿ. ಸಮುದ್ರದ ನೀರಿಗೆ ಸುಮಾರು 50,000 ಮೈಕ್ರೋಸೀಮೆನ್ಸ್ ತೋರಿಸುವ ಮೀಟರ್, ಒಳ್ಳೆಯ ಬಾವಿಯಲ್ಲಿ ನೂರರ ಲೆಕ್ಕದಲ್ಲೇ ನಿಲ್ಲುತ್ತದೆ. ಮೇಲೆ 600 ಇದ್ದದ್ದು ತಳದ ಹತ್ತಿರ ದಿಢೀರನೆ ನಾಲ್ಕೈದು ಸಾವಿರಕ್ಕೆ ಹಾರಿದರೆ ವಿಷಯ ಗೊತ್ತಾಯಿತು. ಪಂಪ್ ಓಡಿಸುವ ಮೊದಲು ಇದನ್ನು ಮಾಡಿ, ಓಡಿಸಿದ ಮೇಲೆ ಎಲ್ಲ ಕಲಸಿ ಹೋಗುತ್ತದೆ.

ನೀರು ಉಪ್ಪಾಗಿದೆ ಅಂದರೆ ಸಮುದ್ರವೇ ಕಾರಣ ಅಲ್ವಾ?

ಅಲ್ಲದೇ ಇರಬಹುದು. ಹಿಂದೊಂದು ಕಾಲದಲ್ಲಿ ಸಮುದ್ರ ಇದ್ದ ಜಾಗದ ಜೇಡಿಯಲ್ಲಿ ಹಳೆಯ ಉಪ್ಪು ಉಳಿದಿರುತ್ತದೆ. ಉಪ್ಪಿನ ಗದ್ದೆ, ಸಿಗಡಿ ಕೊಳ, ಚರಂಡಿ, ಗೊಬ್ಬರ, ಪದೇ ಪದೇ ನೀರು ಕಟ್ಟಿ ಆವಿಯಾಗಿ ಉಳಿದ ಲವಣ, ಇವೆಲ್ಲ ಮೀಟರಿನಲ್ಲಿ ಒಂದೇ ಥರ ಕಾಣುತ್ತವೆ.

ಬೇರ್ಪಡಿಸಲು ಪ್ರಯೋಗಾಲಯದ ಸಂಖ್ಯೆಗಳು ಬೇಕು. ಸಮುದ್ರದಲ್ಲಿ ಸೋಡಿಯಂ-ಕ್ಲೋರೈಡ್ ಅನುಪಾತ ಮೋಲ್ ಲೆಕ್ಕದಲ್ಲಿ ಸುಮಾರು 0.86. ಉಪ್ಪುನೀರು ಹೊಸದಾಗಿ ನುಗ್ಗುವಾಗ ಜೇಡಿಯ ಕಣಗಳು ಸೋಡಿಯಂ ಹಿಡಿದುಕೊಂಡು ಕ್ಯಾಲ್ಸಿಯಂ ಬಿಟ್ಟುಕೊಡುತ್ತವೆ, ಆಗ ಅನುಪಾತ 0.86ಕ್ಕಿಂತ ಇಳಿಯುತ್ತದೆ, ನೀರು ಗಡಸಾಗುತ್ತದೆ. ಉಪ್ಪು ಹಿಂದೆ ಸರಿದು ಸಿಹಿನೀರು ವಾಪಸು ಬರುವಾಗ ಇದು ಉಲ್ಟಾ, ಅನುಪಾತ 1 ದಾಟುತ್ತದೆ. ಅಂದರೆ ಅದೇ ಉಪ್ಪು ಬರುತ್ತಿದೆಯೋ ಹೋಗುತ್ತಿದೆಯೋ ಅಂತಲೂ ತಿಳಿಯಬಹುದು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಒಂದು ಬಾಟಲಿ ನೀರಿನಿಂದ ದಿಕ್ಕು ಗೊತ್ತಾಗುತ್ತದೆ! ಆದರೆ ಚರಂಡಿ ನೀರಿನಲ್ಲೂ ಅನುಪಾತ 1 ದಾಟಿರಬಹುದು, ಹಾಗಾಗಿ ನೈಟ್ರೇಟ್ ಕೂಡ ಮಾಡಿಸಿ. ಸಾಧ್ಯವಾದರೆ ಬ್ರೋಮೈಡ್ ಸಹ.

ನಕ್ಷೆ ಸರಿಯಾಗಿದೆಯೇ ಅಂತ ಪರೀಕ್ಷಿಸುವುದು ಹೇಗೆ?

ಸಾಮಾನ್ಯವಾಗಿ ಸೂಚ್ಯಂಕದ ಪಕ್ಕದಲ್ಲಿ ಕ್ಲೋರೈಡ್ ಇಟ್ಟು, ‘ಎರಡೂ ಹೊಂದುತ್ತವೆ, ನಕ್ಷೆ ಸರಿ’ ಅನ್ನುತ್ತಾರೆ. ಸೂಚ್ಯಂಕದ ಒಳಗೇ ಕ್ಲೋರೈಡ್ ಅನುಪಾತ ಸೇರಿದೆಯಲ್ಲ! ತನಗೆ ತಾನೇ ಸಾಕ್ಷಿ ಹೇಳಿದ ಹಾಗಾಯಿತು. ಪರೀಕ್ಷೆಗೆ ಆ ಒಂದು ವಿಷಯ ಬಿಟ್ಟು ಸೂಚ್ಯಂಕ ಲೆಕ್ಕ ಹಾಕಿ, ಆಮೇಲೆ ಹೋಲಿಸಿ. ಇಲ್ಲವೇ ಎರಡು ಮೂರು ವರ್ಷ ಬಿಟ್ಟು ಯಾವ ಬಾವಿಗಳಲ್ಲಿ ಉಪ್ಪು ಏರಿತು ಅಂತ ನೋಡಿ. ಹೊಂದದೇ ಹೋದರೂ ಗಾಬರಿ ಬೇಡ. ದುರ್ಬಲ ಜಾಗದಲ್ಲಿ ಯಾರೂ ಪಂಪ್ ಹಾಕಿಲ್ಲದಿದ್ದರೆ ನೀರು ಸಿಹಿಯಾಗಿಯೇ ಇರುತ್ತದೆ.

ಯಾವ ತಿಂಗಳಲ್ಲಿ ಅಳೆಯಬೇಕು?

ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಒಂದೇ ಸಲ ಸಾಧ್ಯ ಅನ್ನುವುದಾದರೆ ಮಳೆಗೆ ಮುಂಚೆ.

ಸಮುದ್ರಮಟ್ಟ ಏರುತ್ತಿದೆ. ಮುಖ್ಯ ಅಪಾಯ ಅದೇ ಅಲ್ಲವೇ?

ಅದೂ ಅಪಾಯವೇ, ಆದರೆ ಎಲ್ಲ ಕಡೆ ಮುಖ್ಯವಲ್ಲ. 2012ರಲ್ಲಿ ಗ್ರಾಂಟ್ ಫರ್ಗುಸನ್ ಮತ್ತು ಟಾಮ್ ಗ್ಲೀಸನ್ ಅಮೆರಿಕದ ಕರಾವಳಿಯ ಜಲಪದರಗಳನ್ನು ಲೆಕ್ಕ ಹಾಕಿ, ನೆಲದ ನೀರಿನ ಇಳಿಜಾರು ತೀರಾ ಕಡಿಮೆ ಇರುವ ಕಡೆ ಬಿಟ್ಟರೆ, ಸಮುದ್ರ ಏರುವುದಕ್ಕಿಂತ ನೀರೆತ್ತುವುದೇ ಹೆಚ್ಚು ಹಾನಿ ಮಾಡುತ್ತದೆ ಎಂದು ತೋರಿಸಿದರು. ಸಮುದ್ರ ಏರಿದಾಗ ಅಂತರ್ಜಲಕ್ಕೂ ಮೇಲೇಳಲು ಜಾಗ ಇದ್ದರೆ ಬೆಣೆ ಅಷ್ಟಾಗಿ ಸರಿಯುವುದಿಲ್ಲ. ಜಾಗ ಇಲ್ಲದಿದ್ದರೆ, ಅಂದರೆ ನೆಲವೇ ತಗ್ಗಾಗಿದ್ದು ಏರಿದ ನೀರೆಲ್ಲ ಚರಂಡಿ ಕಾಲುವೆಗೆ ಹರಿದು ಹೋಗುವಂತಿದ್ದರೆ, ಜಾಸ್ತಿ ಸರಿಯುತ್ತದೆ. ಸಣ್ಣ ದ್ವೀಪಗಳ ಕಥೆ ಬೇರೆ, ಅಲ್ಲಿ ಭೂಮಿಯೇ ಮುಳುಗುತ್ತದೆ.

ಕಂಪ್ಯೂಟರ್ ಮಾದರಿ ಬೇಕೇ?

ಎಲ್ಲಿ ನೋಡಬೇಕು ಅಂತ ತಿಳಿಯಲು ಬೇಡ, ಅಂಕದ ನಕ್ಷೆ ಸಾಕು. ‘ದಿನಕ್ಕೆ ಇಷ್ಟು ನೀರೆತ್ತಿದರೆ ಹತ್ತು ವರ್ಷದಲ್ಲಿ ಉಪ್ಪು ಎಲ್ಲಿಗೆ ಬರುತ್ತದೆ’ ಅನ್ನುವ ಪ್ರಶ್ನೆಗೆ ಬೇಕು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಸೀವಾಟ್ (SEAWAT), ಸೂತ್ರ (SUTRA) ಅನ್ನುವ ಸಾಫ್ಟ್‌ವೇರ್‌ಗಳು ಎರಡೂ ಉಚಿತ. ಕಷ್ಟ ಇರುವುದು ಅವಕ್ಕೆ ಉಣಿಸುವ ಮಾಹಿತಿಯಲ್ಲಿ.

ಒಮ್ಮೆ ಉಪ್ಪಾದ ಮೇಲೆ ಸರಿ ಮಾಡಬಹುದೇ?

ಆಗುತ್ತದೆ, ಆದರೆ ನಿಧಾನ. ನುಗ್ಗಿದ ವೇಗದಲ್ಲಿ ಉಪ್ಪು ವಾಪಸು ಹೋಗುವುದಿಲ್ಲ, ಜೇಡಿ ಹಿಡಿದಿಟ್ಟದ್ದು ಇನ್ನೂ ತಡ. ಮೊದಲ ಕೆಲಸ ದಡದ ಹತ್ತಿರದ ಪಂಪುಗಳನ್ನು ಕಡಿಮೆ ಮಾಡುವುದು, ಒಂದೇ ಕಡೆ ಜೋರಾಗಿ ಎಳೆಯುವ ಬದಲು ಹಲವು ಕಡೆ ಸ್ವಲ್ಪ ಸ್ವಲ್ಪ ಎಳೆಯುವುದು, ಮಳೆನೀರು ಇಂಗಿಸುವುದು. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್, ಆರೆಂಜ್ ಕೌಂಟಿಗಳಲ್ಲಿ ದಡದ ಉದ್ದಕ್ಕೂ ಬಾವಿಗಳ ಸಾಲು ತೋಡಿ ಸಿಹಿನೀರನ್ನು ಒತ್ತಿ ಇಳಿಸುತ್ತಾರೆ, ಆ ನೀರಿನ ದಿಬ್ಬವೇ ಸಮುದ್ರಕ್ಕೆ ತಡೆ. ಆರೆಂಜ್ ಕೌಂಟಿಯಲ್ಲಿ ಅದಕ್ಕೆ ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸುತ್ತಾರೆ. ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ದಿಬ್ಬ ಕರಗುತ್ತದೆ.

ಅಲೆ ದಡ ದಾಟಿ ಬಾವಿ ತುಂಬಿದ್ದರೆ ಮಾತ್ರ ಒಂದು ಎಚ್ಚರಿಕೆ: ಸಿಹಿಯಾಗಲಿ ಅಂತ ಮೇಲಿಂದ ಮೇಲೆ ಪಂಪ್ ಮಾಡಿ ಖಾಲಿ ಮಾಡಬೇಡಿ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಕಲಿತ ಪಾಠ ಇದು. ಜಾಸ್ತಿ ಎಳೆದರೆ ಅಡಿಯ ಉಪ್ಪೂ ಮೇಲೆ ಬರುತ್ತದೆ.

ನಮ್ಮಲ್ಲಿ ದುಡ್ಡು ಕಡಿಮೆ. ಒಂದೇ ಉಪಕರಣ ಕೊಳ್ಳಬಹುದು. ಯಾವುದು?

ಉದ್ದ ಕೇಬಲ್ಲಿನ ಇಸಿ ಮೀಟರ್. ಟೇಪ್ ಹೇಗೂ ಅಗ್ಗ. ಲೆವೆಲಿಂಗ್ ಕೆಲಸ ಒಮ್ಮೆ ಬಾಡಿಗೆಗೆ ಮಾಡಿಸಿದರೆ ಕಟ್ಟೆ ಒಡೆಯುವವರೆಗೂ ನಡೆಯುತ್ತದೆ. ಮೀಟರನ್ನು 1,413 ಮತ್ತು 12,880 ಮೈಕ್ರೋಸೀಮೆನ್ಸ್ ದ್ರಾವಣ ಎರಡರಲ್ಲೂ ಹೊಂದಿಸಿ. ಬರೀ ಚಿಕ್ಕದರಲ್ಲಿ ಹೊಂದಿಸಿದರೆ ತಳದ ಉಪ್ಪುನೀರಿನಲ್ಲಿ ಅದು ಹೇಳುವ ಸಂಖ್ಯೆಯನ್ನು ನಂಬಲಾಗುವುದಿಲ್ಲ.